ಅರಳುಮರಳು ಎನ್ನುವ ಮುನ್ನ: ಹಕ್ಕಿಗಳ ಮಿದುಳಿನಿಂದ ತಿಳಿದ ಸಂಗತಿ

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ತುಮಕೂರಿನಲ್ಲಿ ನಮ್ಮಲ್ಲಿಗೆ ಚಿಕಿತ್ಸೆಗಾಗಿ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಿಂದ ಹಿರಿಯರನ್ನು ಕರೆತರುವ ಮಕ್ಕಳು ಮೊದಲಿಗೆ ಆಡುವುದು ಈ ಮಾತನ್ನೇ. "ವಯಸ್ಸಾಯ್ತಲ್ಲ ಡಾಕ್ಟ್ರೇ, ಅರಳುಮರಳು. ರಾತ್ರಿ ನಿದ್ದೆ ಬರೋದಕ್ಕೆ ಏನಾದ್ರೂ ಕೊಡಿ, ಸಾಕು" ಎನ್ನುತ್ತಾರೆ. ಹಿರಿಯರು ಪಕ್ಕದ ಕುರ್ಚಿಯಲ್ಲಿಯೇ ಕುಳಿತಿರುತ್ತಾರೆ. ಅವರಿಗೂ ಇದು ಕೇಳಿಸುತ್ತಿದೆ ಎಂಬುದನ್ನು ಯಾರೂ ಲೆಕ್ಕಿಸುವುದಿಲ್ಲ. ವಯಸ್ಸಾಯಿತು ಎಂಬ ಒಂದೇ ಮಾತಿನಲ್ಲಿ ಕಾರಣ, ನಿದಾನ, ಚಿಕಿತ್ಸೆ ಮೂರೂ ಮುಗಿದುಹೋಗುತ್ತವೆ.

ಈ ನಂಬಿಕೆ ಜನಸಾಮಾನ್ಯರದು ಮಾತ್ರವಾಗಿರಲಿಲ್ಲ. ನರಕೋಶಗಳ ಅಧ್ಯಯನಕ್ಕಾಗಿ 1906ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸ್ಪೇನ್ ದೇಶದ ರಮೋನ್ ಇ ಕಹಾಲ್ ಅವರು, ಬೆಳೆದ ಮಿದುಳಿನಲ್ಲಿ ನರಕೋಶಗಳು ಸಾಯಬಲ್ಲವೇ ಹೊರತು ಹೊಸದಾಗಿ ಹುಟ್ಟಲಾರವು ಎಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದರು. ಮುಂದಿನ ಹಲವು ದಶಕಗಳ ಕಾಲ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನೇ ಪಾಠವಾಗಿ ಓದಿದರು. ಹುಟ್ಟುವಾಗ ತಂದ ಬಂಡವಾಳ, ಬದುಕಿರುವವರೆಗೆ ಕರಗುತ್ತ ಹೋಗುವುದೇ ಅದರ ಗತಿ ಎಂಬುದು ಅದರ ತಾತ್ಪರ್ಯ. ಈ ಪಾಠವನ್ನು ಬಲವಾಗಿ ಅಲುಗಾಡಿಸಿದ್ದು ಮನುಷ್ಯನ ಮಿದುಳಲ್ಲ. ಹಾಡುವ ಒಂದು ಪುಟ್ಟ ಹಕ್ಕಿಯ ಮಿದುಳು. ಆಯುರ್ವೇದ ವೈದ್ಯರಿಗೆ ಹಕ್ಕಿಗಳ ತಲೆಯೊಡನೆ ಏನು ಕೆಲಸ ಎಂದು ಓದುಗರು ಕೇಳಬಹುದು. ಮನೆಯ ಹಿರಿಯರ ಮರೆವನ್ನು ಹೇಗೆ ನೋಡಬೇಕೆಂಬುದಕ್ಕೆ ಆ ಹಕ್ಕಿಗಳು ಕೊಟ್ಟಿರುವ ಸುಳಿವು ಬೆಲೆಯುಳ್ಳದ್ದಾದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇವೆ.

ಅರ್ಜೆಂಟೀನಾದಲ್ಲಿ ಹುಟ್ಟಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಫರ್ನಾಂಡೊ ನಾಟೆಬೋಮ್ ಎಂಬ ವಿಜ್ಞಾನಿ ಕ್ಯಾನರಿ ಎಂಬ ಹಳದಿ ಹಕ್ಕಿಯ ಹಾಡನ್ನು ಅಭ್ಯಾಸ ಮಾಡಿದವರು. ಹಾಡುವುದಕ್ಕೆ ಮಿದುಳಿನ ಯಾವ ಭಾಗ ಬೇಕು ಎಂಬುದು ಅವರ ಮೊದಲ ಪ್ರಶ್ನೆ. 1976ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಕ್ಯಾನರಿಯ ಮಿದುಳಿನಲ್ಲಿ ನರಕೋಶಗಳ ಕೆಲವು ಗುಂಪುಗಳು ಒಂದಕ್ಕೊಂದು ತಂತುಗಳಿಂದ ಜೋಡಿಸಿಕೊಂಡು ಹಾಡನ್ನು ನಡೆಸುತ್ತವೆ ಎಂದು ತೋರಿಸಿಕೊಟ್ಟರು. ಇವುಗಳಲ್ಲಿ ಮುಖ್ಯವಾದ ಗುಂಪಿಗೆ ಎಚ್‌ವಿಸಿ ಎಂದು ಹೆಸರು. ನಮ್ಮ ತೋಟಗಳಲ್ಲಿ ಬಾವಿಯ ನೀರು ದೊಡ್ಡ ಕಾಲುವೆಗೆ ಬಂದು, ಅಲ್ಲಿಂದ ಕಿರುಗಾಲುವೆಗಳಿಗೆ ಹರಿದು ಒಂದೊಂದು ಮರದ ಪಾತಿಯನ್ನು ತಲಪುವಂತೆ, ಎಚ್‌ವಿಸಿಯಿಂದ ಹೊರಟ ಆಜ್ಞೆ ಮತ್ತೊಂದು ಗುಂಪನ್ನು ಹಾದು, ಮಿದುಳಿನ ಬುಡಕ್ಕಿಳಿದು, ಶ್ವಾಸನಾಳದ ತಳದಲ್ಲಿರುವ ಧ್ವನಿಯ ಅಂಗವನ್ನು ಮುಟ್ಟುತ್ತದೆ. ಇಂತಹ ಹಾದಿಯನ್ನೇ ನರಕೋಶಗಳ ಜಾಲ ಎನ್ನುತ್ತಾರೆ.

ಮುಂದೆ 1981ರಲ್ಲಿ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಗಂಡು ಕ್ಯಾನರಿಯ ಎಚ್‌ವಿಸಿ ಹಾಡಿನ ಕಾಲವಾದ ವಸಂತದಲ್ಲಿ ದೊಡ್ಡದಾಗಿರುತ್ತದೆ. ಹಾಡು ನಿಂತ ಮೇಲೆ ಶರತ್ಕಾಲದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮರುವಸಂತಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಕ್ಯಾನರಿ ವರ್ಷವರ್ಷವೂ ತನ್ನ ಹಾಡಿನ ಕೆಲವು ತುಣುಕುಗಳನ್ನು ಬಿಟ್ಟು ಹೊಸ ತುಣುಕುಗಳನ್ನು ಸೇರಿಸಿಕೊಳ್ಳುತ್ತದೆ ಎಂಬುದನ್ನು ಇದರೊಡನೆ ನೆನಪಿಡಬೇಕು. ಹಾಗಾದರೆ ಕುಗ್ಗಿ ಹಿಗ್ಗುವ ಈ ಭಾಗದಲ್ಲಿ ಹೊಸ ನರಕೋಶಗಳು ಬರುತ್ತಿರಬಹುದೇ?

ಇದನ್ನು ಪರೀಕ್ಷಿಸಿದ ಬಗೆ ಸೊಗಸಾಗಿದೆ. ಜೀವಕೋಶವೊಂದು ಎರಡಾಗಿ ಒಡೆಯುವಾಗ ಹೊಸ ಕೋಶಕ್ಕೆ ಬೇಕಾದ ಡಿಎನ್ಎ ಕಟ್ಟಿಕೊಳ್ಳುವುದಕ್ಕೆ ಥೈಮಿಡಿನ್ ಎಂಬ ದ್ರವ್ಯವನ್ನು ಹೀರಿಕೊಳ್ಳುತ್ತದೆ. ಆ ಥೈಮಿಡಿನ್‌ಗೆ ವಿಕಿರಣದ ಗುರುತು ಹಾಕಿ ಚುಚ್ಚಿದರೆ, ಆ ಹೊತ್ತಿನಲ್ಲಿ ಹುಟ್ಟಿದ ಕೋಶಗಳು ಗುರುತು ಹೊತ್ತೇ ಇರುತ್ತವೆ. ಜಾತ್ರೆಯ ದನಗಳಿಗೆ ಕೊಂಬಿನ ಬಣ್ಣ ಹಾಕಿ ಗುರುತಿಟ್ಟಂತೆ ಎಂದು ತಿಳಿಯಬಹುದು. ಸ್ಟೀವನ್ ಗೋಲ್ಡ್‌ಮನ್ ಎಂಬ ಸಂಶೋಧಕರೊಡನೆ ನಾಟೆಬೋಮ್ ಬೆಳೆದ ಹೆಣ್ಣು ಕ್ಯಾನರಿಗಳಿಗೆ ಇದನ್ನು ಕೊಟ್ಟರು. ಕೆಲವು ಹಕ್ಕಿಗಳಿಗೆ ಹಾಡು ಬರಿಸುವ ಗಂಡು ಹಾರ್ಮೋನನ್ನೂ ಕೊಟ್ಟಿದ್ದರು, ಉಳಿದವಕ್ಕೆ ಕೊಟ್ಟಿರಲಿಲ್ಲ. ಸುಮಾರು ಒಂದು ತಿಂಗಳ ಮೇಲೆ ನೋಡಿದಾಗ ಎಚ್‌ವಿಸಿಯ ನರಕೋಶಗಳಲ್ಲಿ ಗುರುತಿತ್ತು. ಹಾರ್ಮೋನು ಪಡೆದ ಹಕ್ಕಿಗಳಲ್ಲಿ ಮಾತ್ರವಲ್ಲ, ಪಡೆಯದ ಹಕ್ಕಿಗಳಲ್ಲಿಯೂ ಇತ್ತು! ಗುರುತು ಚುಚ್ಚಿದ ಒಡನೆಯೇ ನೋಡಿದ ಹಕ್ಕಿಗಳಲ್ಲಾದರೋ ಅದು ಮಿದುಳಿನೊಳಗಿನ ದ್ರವಕೋಣೆಯ ಗೋಡೆಯಲ್ಲಿ ಮಾತ್ರ ಇತ್ತು. ಎಂದರೆ ಕೋಶಗಳು ಆ ಗೋಡೆಯಲ್ಲಿ ಹುಟ್ಟಿ, ನಡೆದುಬಂದು ತಮ್ಮ ನೆಲೆಯನ್ನು ಸೇರಿದ್ದವು. 1983ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಜಾನ್ ಪೇಟನ್ ಅವರೊಡನೆ ಮಾಡಿದ ಪ್ರಯೋಗದಲ್ಲಿ ಆ ಹೊಸ ಕೋಶಗಳು ಶಬ್ದಕ್ಕೆ ಸ್ಪಂದಿಸುವುದೂ ಕಂಡುಬಂತು. ಬಂದ ಅತಿಥಿಗಳು ಜಗಲಿಯ ಮೇಲೆ ಕುಳಿತಿರಲಿಲ್ಲ, ಮನೆಯೊಳಗೆ ಸೇರಿ ಕೆಲಸಕ್ಕೆ ಕೈಹಚ್ಚಿದ್ದರು.

ಹಿರಿಯ ವಿಜ್ಞಾನಿಗಳು ಕೂಡಲೇ ಒಪ್ಪಲಿಲ್ಲ. ಅವರ ಆಕ್ಷೇಪವೂ ಹಗುರವಾದುದಲ್ಲ. ಕಲಿತದ್ದು ನರಕೋಶಗಳ ಜೋಡಣೆಯಲ್ಲಿ ಉಳಿಯುವುದಾದರೆ, ಹಳೆಯ ಕೋಶ ಹೋಗಿ ಹೊಸತು ಬರುತ್ತಿದ್ದರೆ ಜೀವಮಾನದ ನೆನಪು ಉಳಿಯುವುದು ಹೇಗೆ? ಕೋತಿಗಳ ಮಿದುಳನ್ನು ಪರೀಕ್ಷಿಸಿದ್ದ ಪಾಸ್ಕೊ ರಾಕಿಚ್ 1985ರಲ್ಲಿ ಈ ವಾದವನ್ನೇ ಮಂಡಿಸಿದರು. ಹಕ್ಕಿಗೆ ಹೊಂದುವುದು ಮನುಷ್ಯನಿಗೆ ಹೊಂದಬೇಕಾಗಿಲ್ಲ ಎಂಬ ಎಚ್ಚರ ಅಂದಿಗೂ ಸರಿ, ಇಂದಿಗೂ ಸರಿ. ಅದನ್ನು ಮುಂದೆ ನೋಡೋಣ.

ಹಾಡು ಒಂದು ಬಗೆಯ ನೆನಪಾದರೆ, ಎಲ್ಲಿ ಏನಿಟ್ಟೆ ಎಂಬುದು ಇನ್ನೊಂದು ಬಗೆ. ಮನೆಯ ಹಿರಿಯರು ಬೀಗದ ಕೈ ಹುಡುಕುವಾಗ ಸೋಲುವುದು ಈ ಎರಡನೆಯದರಲ್ಲಿ. ಕಾಗೆಯ ಕುಲಕ್ಕೆ ಸೇರಿದ ಸ್ಕ್ರಬ್ ಜೇ ಎಂಬ ಅಮೆರಿಕದ ಹಕ್ಕಿ ತಿನಿಸನ್ನು ಬಚ್ಚಿಟ್ಟು ಆಮೇಲೆ ತೆಗೆದು ತಿನ್ನುತ್ತದೆ. ನಿಕೊಲಾ ಕ್ಲೇಟನ್ ಮತ್ತು ಆಂಥೋನಿ ಡಿಕಿನ್ಸನ್ 1998ರಲ್ಲಿ ಇವುಗಳಿಗೆ ಕಡಲೆಕಾಯಿಯನ್ನೂ ಹುಳುವನ್ನೂ ಬಚ್ಚಿಡಲು ಬಿಟ್ಟರು. ಹುಳು ಹಕ್ಕಿಗೆ ಹೆಚ್ಚು ಪ್ರಿಯ, ಆದರೆ ಬೇಗ ಕೊಳೆಯುತ್ತದೆ. ನಾಲ್ಕು ಗಂಟೆಗಳ ಮೇಲೆ ಬಿಟ್ಟಾಗ ಹಕ್ಕಿಗಳು ಹುಳುವಿದ್ದ ಜಾಗಕ್ಕೆ ಹೋದವು. 124 ಗಂಟೆಗಳ ಮೇಲೆ ಬಿಟ್ಟಾಗ, ಹುಳು ಕೆಡುತ್ತದೆಂದು ಅನುಭವದಿಂದ ಕಂಡಿದ್ದ ಹಕ್ಕಿಗಳು ಅದರ ಗೊಡವೆಗೆ ಹೋಗದೆ ನೇರವಾಗಿ ಕಡಲೆಕಾಯಿಯ ಕಡೆಗೆ ನಡೆದವು. ಏನನ್ನು, ಎಲ್ಲಿ, ಯಾವಾಗ ಇಟ್ಟೆ ಎಂಬ ಮೂರೂ ಅವುಗಳ ನೆನಪಿನಲ್ಲಿದ್ದವು. ಕಾಗೆಗೆ ಬುದ್ಧಿಯಿದೆ ಎಂದು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಸಂಡಿಗೆ ಒಣಹಾಕಿ ಕಾವಲು ಕುಳಿತವರಿಗೆ ಅದು ಚೆನ್ನಾಗಿ ಗೊತ್ತು. ಹಕ್ಕಿಯ ಮಿದುಳು ಚಿಕ್ಕದಾದರೂ ಅದರಲ್ಲಿ ನರಕೋಶಗಳು ಬಹಳ ಒತ್ತಾಗಿ ತುಂಬಿಕೊಂಡಿವೆಯೆಂದು 2016ರಲ್ಲಿ ಎಣಿಸಿ ತೋರಿಸಿದ್ದಾರೆ. ಅದೇ ತೂಕದ ಕೋತಿಯ ಮಿದುಳಿಗಿಂತ ಗಿಳಿಯ ಮಿದುಳಿನಲ್ಲಿ, ಹಾಡುಹಕ್ಕಿಯ ಮಿದುಳಿನಲ್ಲಿ ಕೋಶಗಳು ಹೆಚ್ಚು.

ಅಮೆರಿಕದಲ್ಲಿ ಚಿಕಡೀ ಎಂಬ ಇನ್ನೊಂದು ಹಕ್ಕಿಯಿದೆ. ನಮ್ಮ ಗುಬ್ಬಚ್ಚಿಗಿಂತಲೂ ಚಿಕ್ಕದು. ಚಳಿಗಾಲಕ್ಕೆಂದು ಕಾಳು, ಹುಳುಗಳನ್ನು ಮರದ ತೊಗಟೆಯ ಸಂದುಗಳಲ್ಲಿ ಬಿಡಿಬಿಡಿಯಾಗಿ ಬಚ್ಚಿಡುತ್ತದೆ. ನೆನಪಿಗೆ, ದಾರಿ ಗುರುತಿಸುವುದಕ್ಕೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ಮನುಷ್ಯನಂತೆಯೇ ಹಕ್ಕಿಗೂ ಇದೆ. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ದಿಮಿತ್ರಿ ಆರೊನೊವ್ ಮತ್ತು ಅವರ ತಂಡದವರು ಚಿಕಡೀ ಒಂದೊಂದು ಸಲ ಬಚ್ಚಿಟ್ಟಾಗಲೂ ಅದರ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳು ಬೇರೆಬೇರೆಯದೇ ಒಂದು ವಿನ್ಯಾಸದಲ್ಲಿ ಮಿಡಿಯುತ್ತವೆ, ಅದೇ ತಿನಿಸನ್ನು ಮರಳಿ ತೆಗೆಯುವಾಗ ಅದೇ ವಿನ್ಯಾಸ ಮತ್ತೆ ಮೂಡುತ್ತದೆ ಎಂದು ವರದಿ ಮಾಡಿದರು. ಅಂಗಡಿಯ ಸಾಮಾನಿನ ಮೇಲಿರುವ ಗೆರೆಗಳ ಬಾರ್‌ಕೋಡಿಗೆ ಅವರು ಅದನ್ನು ಹೋಲಿಸಿದ್ದಾರೆ. ಒಂದೇ ಕೊಂಬೆಯಲ್ಲಿ ಎರಡು ಸಲ ಬಚ್ಚಿಟ್ಟರೂ ಎರಡು ಗುರುತು.

ಇದೇ ಚಿಕಡೀಯ ಮೇಲೆ ಅನತ್ ಬಾರ್ನಿಯಾ ಮತ್ತು ನಾಟೆಬೋಮ್ 1994ರಲ್ಲಿ ಪ್ರಕಟಿಸಿದ ಕೆಲಸ ನಮ್ಮ ವಿಷಯದ ತಿರುಳು. ಕಾಡಿನಲ್ಲಿ ಸ್ವತಂತ್ರವಾಗಿ ಬದುಕುವ ಚಿಕಡೀಗಳ ಹಿಪೊಕ್ಯಾಂಪಸ್‌ಗೆ ಹೊಸ ನರಕೋಶಗಳು ಸೇರುವುದು ವರ್ಷವಿಡೀ ಒಂದೇ ಸಮನಲ್ಲ. ಬಚ್ಚಿಡುವ ಕಾಲವಾದ ಅಕ್ಟೋಬರ್ ಸುಮಾರಿಗೆ ಅದು ಅತಿ ಹೆಚ್ಚು. ಪಂಜರದಲ್ಲಿಟ್ಟು ಸಾಕಿದ ಚಿಕಡೀಗಳಲ್ಲಾದರೋ ಸೇರಿಕೊಂಡ ಹೊಸ ಕೋಶಗಳು ಕಾಡಿನವುಗಳಿಗಿಂತ ಕಡಿಮೆ. ಪಂಜರದ ಹಕ್ಕಿಗೆ ಕಾಳಿಗೆ, ನೀರಿಗೆ, ಬೆಚ್ಚನೆಯ ನೆಲೆಗೆ ಕೊರತೆಯಿರಲಿಲ್ಲ. ಹುಡುಕಬೇಕಾದ ಮರಗಳು, ನೆನಪಿಡಬೇಕಾದ ಸಂದುಗಳು ಮಾತ್ರ ಇರಲಿಲ್ಲ. 2002ರಲ್ಲಿ ಜೀಬ್ರಾ ಫಿಂಚ್ ಎಂಬ ಹಕ್ಕಿಗಳಲ್ಲಿ ಇನ್ನೊಂದು ಅಂಶ ತಿಳಿದುಬಂತು. ದೊಡ್ಡ ಗುಂಪಿನಲ್ಲಿ ಬಿಟ್ಟ ಹಕ್ಕಿಗಳ ಮಿದುಳಿನಲ್ಲಿ ಹೊಸ ಕೋಶಗಳು ಹೆಚ್ಚು ಉಳಿದುಕೊಂಡವು, ಒಂಟಿಯಾಗಿಟ್ಟವುಗಳಲ್ಲಿ ಕಡಿಮೆ.

ಇದನ್ನು ಓದುವಾಗ ನಮಗೆ ನೆನಪಾಗುವುದು ಊಟ, ಔಷಧಿ, ಟಿವಿ ಎಲ್ಲವನ್ನೂ ಕೊಟ್ಟು ಹಿಂದಿನ ಕೋಣೆಯಲ್ಲಿ ಕೂರಿಸಲ್ಪಟ್ಟ ಹಿರಿಯರು. ಮಕ್ಕಳು ಕ್ರೂರಿಗಳಲ್ಲ, ಪ್ರೀತಿಯಿಂದಲೇ ಹಾಗೆ ಮಾಡಿರುತ್ತಾರೆ. "ನಿನಗ್ಯಾಕಮ್ಮ ಈ ಕೆಲಸ, ಸುಮ್ಮನೆ ಕೂತ್ಕೊ" ಎಂದು ಕೈಯಲ್ಲಿದ್ದ ಮೊರವನ್ನು ಕಿತ್ತಿಡುತ್ತಾರೆ. ಅಡಿಕೆಯ ಲೆಕ್ಕ, ಹಾಲಿನ ಡೈರಿಯ ಚೀಟಿ, ನೆಂಟರ ಮದುವೆಯ ದಿನ, ಇವೆಲ್ಲ ಒಂದೊಂದಾಗಿ ಅವರ ಕೈತಪ್ಪುತ್ತವೆ. ನೆನಪಿಡಬೇಕಾದ ಸಂದು ಒಂದೂ ಉಳಿಯುವುದಿಲ್ಲ.

ಇನ್ನು ಕಿವಿಯ ಮಾತು. ಜೀಬ್ರಾ ಫಿಂಚ್ ಆಸ್ಟ್ರೇಲಿಯಾದ ಮೂಲದ್ದು, ರಾಗಿ ತೆನೆಗೆ ಹಿಂಡುಹಿಂಡಾಗಿ ಎರಗುವ ನಮ್ಮ ರಾಟವಾಳಗಳ ಸಂಬಂಧಿ. ಇದರ ಗಂಡುಮರಿ ತಂದೆಯ ಹಾಡನ್ನು ಕೇಳಿ, ಮನಸ್ಸಿನಲ್ಲಿಟ್ಟುಕೊಂಡು, ತೊದಲುತ್ತ ತೊದಲುತ್ತ ಸುಮಾರು ಮೂರು ತಿಂಗಳಲ್ಲಿ ತನ್ನ ಹಾಡನ್ನು ಕುದುರಿಸಿಕೊಳ್ಳುತ್ತದೆ. ಹಿರಿಯ ಹಕ್ಕಿಯ ದನಿ ಕಿವಿಗೆ ಬೀಳದ ಮರಿ ಹಾಡುತ್ತದೆ, ಆದರೆ ಹಾಡು ಸರಿಯಾಗಿರುವುದಿಲ್ಲ. ಕೋಗಿಲೆ ಹೀಗಲ್ಲ. ಕಾಗೆಯ ಗೂಡಿನಲ್ಲಿ ಬೆಳೆದರೂ ಕೋಗಿಲೆಯಂತೆಯೇ ಕೂಗುತ್ತದೆ, ಏಕೆಂದರೆ ಅದರ ಕೂಗು ಹುಟ್ಟಿನಿಂದಲೇ ಬಂದದ್ದು. ಕೇಳಿ ಕಲಿಯುವ ಶಕ್ತಿ ಹಾಡುಹಕ್ಕಿ, ಗಿಳಿ, ಝೇಂಕಾರದ ಹಕ್ಕಿಯಂತಹ ಕೆಲವಕ್ಕೆ ಮಾತ್ರ ಇದೆ. ನಮ್ಮ ದೇಶದಲ್ಲಿಯೂ ಈ ಅಧ್ಯಯನ ನಡೆಯುತ್ತಿದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದಲ್ಲಿ ಸೌಮ್ಯಾ ಅಯ್ಯಂಗಾರ್ ಅವರು ಜೀಬ್ರಾ ಫಿಂಚ್ ಮತ್ತು ಊರುಕಾಗೆಯ ಮಿದುಳನ್ನೂ, ಪುಣೆಯ ಐಸರ್ ಸಂಸ್ಥೆಯಲ್ಲಿ ರಾಘವ್ ರಾಜನ್ ಅವರು ಫಿಂಚ್ ಹಾಡಲು ತೊಡಗುವ ಕ್ಷಣದ ಸಿದ್ಧತೆಯನ್ನೂ ಅಭ್ಯಸಿಸಿದ್ದಾರೆ.

ಹಾಡು ಒಮ್ಮೆ ಕುದುರಿದ ಮೇಲೆ ಕಿವಿಯ ಕೆಲಸ ಮುಗಿಯಿತೇ? ಇಲ್ಲ. ಬೆಳೆದ ಫಿಂಚ್ ಕಿವುಡಾದರೆ ಕೆಲವು ವಾರಗಳಲ್ಲಿ ಅದರ ಹಾಡು ಕೆಡತೊಡಗುತ್ತದೆಂದು 1992ರಲ್ಲಿ ತೋರಿಸಲಾಯಿತು. ತನ್ನ ದನಿಯನ್ನು ತಾನು ಕೇಳುತ್ತಿದ್ದರೆ ಮಾತ್ರ ಜಾಲ ಹದದಲ್ಲಿರುತ್ತದೆ. ನಿದ್ರೆಯೂ ಹೀಗೆಯೇ. ಷಿಕಾಗೊ ವಿಶ್ವವಿದ್ಯಾಲಯದ ಡ್ಯಾನಿಯಲ್ ಮಾರ್ಗೊಲಿಯಾಷ್ ಮತ್ತು ಅಮೀಷ್ ದವೆ 2000ದಲ್ಲಿ, ಮಲಗಿರುವ ಫಿಂಚ್‌ನ ಮಿದುಳಿನಲ್ಲಿ ಹಗಲು ಹಾಡಿದಾಗಿನ ಮಿಡಿತವೇ ಮತ್ತೆ ಕಾಣುತ್ತದೆಂದು ಪ್ರಕಟಿಸಿದರು. ಹಕ್ಕಿ ಮಲಗಿಯೂ ಪಾಠ ಒಪ್ಪಿಸುತ್ತಿರುತ್ತದೆ. 2005ರ ಇನ್ನೊಂದು ಅಧ್ಯಯನ ಇದಕ್ಕಿಂತ ಕುತೂಹಲದ್ದು. ಕಲಿಯುತ್ತಿರುವ ಮರಿಗಳ ಹಾಡು ಬೆಳಗ್ಗೆ ಎದ್ದಾಗ ಹಿಂದಿನ ಸಂಜೆಗಿಂತ ಕೆಟ್ಟಿರುತ್ತದೆ, ಹೊತ್ತೇರಿದಂತೆ ಸರಿಹೋಗುತ್ತದೆ. ಬೆಳಗಿನ ಈ ತಪ್ಪು ಯಾವ ಮರಿಗಳಲ್ಲಿ ಹೆಚ್ಚೋ ಅವೇ ಕೊನೆಗೆ ತಂದೆಯ ಹಾಡನ್ನು ಹೆಚ್ಚು ಚೆನ್ನಾಗಿ ಕಲಿತವು. ಬಾಯಿಪಾಠವನ್ನು ಬೆಳಗ್ಗೆ ತಪ್ಪಿದನೆಂದು ಮಕ್ಕಳನ್ನು ಗದರುವ ತಂದೆತಾಯಿಗಳು ಇದನ್ನು ಗಮನಿಸಲಿ.

ಗುಬ್ಬಿ ಊರಿಗೆ ಆ ಹೆಸರು ಬಂದುದು ಪುರಾಣ ಶ್ರವಣಕ್ಕೆ ನಿತ್ಯವೂ ಬರುತ್ತಿದ್ದ ಗುಬ್ಬಚ್ಚಿಗಳಿಂದ ಎಂಬ ಐತಿಹ್ಯವನ್ನು ಭಕ್ತರು ಕೇಳಿರಬಹುದು. ಐತಿಹ್ಯವನ್ನು ವಿಜ್ಞಾನವೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಗುಬ್ಬಚ್ಚಿಯೂ ಹಾಡುಹಕ್ಕಿಗಳ ಬಳಗದ್ದೇ ಎಂಬ ಕಾರಣಕ್ಕೆ ನೆನಪಾಯಿತು, ಅಷ್ಟೆ. ಆದರೆ ಶ್ರವಣದಿಂದ ನೆನಪು ನಿಲ್ಲುತ್ತದೆ ಎಂಬುದನ್ನು ನಮ್ಮ ಶಾಸ್ತ್ರ ಸ್ಪಷ್ಟವಾಗಿ ಹೇಳಿದೆ. ಚರಕ ಸಂಹಿತೆಯ ಶಾರೀರಸ್ಥಾನದಲ್ಲಿ ಸ್ಮೃತಿ ಉಂಟಾಗುವುದಕ್ಕೆ ಎಂಟು ಕಾರಣಗಳನ್ನು ಎಣಿಸಲಾಗಿದೆ. ಅವುಗಳಲ್ಲಿ ಸಾದೃಶ್ಯ ಒಂದು, ಅಂದರೆ ಹೋಲುವ ವಸ್ತುವನ್ನು ಕಂಡು ನೆನಪಾಗುವುದು, ಅಭ್ಯಾಸ ಇನ್ನೊಂದು, ಪುನಃಶ್ರುತ ಮತ್ತೊಂದು, ಎಂದರೆ ಮರಳಿ ಕೇಳುವುದು. ಚರಕಾಚಾರ್ಯರು ನರಕೋಶವನ್ನು ಕಂಡಿದ್ದರೆಂದು ಹೇಳುವವರ ಸಾಲಿಗೆ ನಾವು ಸೇರುವುದಿಲ್ಲ. ಅವರು ಕಂಡದ್ದು ಮನುಷ್ಯನನ್ನು, ಬಹಳ ಹತ್ತಿರದಿಂದ. ಸಿದ್ಧಗಂಗೆಯಲ್ಲಿ ಬೆಳಗೂ ಸಂಜೆಯೂ ಸಾವಿರಾರು ಮಕ್ಕಳು ಒಟ್ಟಾಗಿ ಪ್ರಾರ್ಥನೆ ಮಾಡುವುದನ್ನು ಕೇಳಿದವರಿಗೆ ಪುನಃಶ್ರುತ ಎಂದರೇನೆಂದು ವಿವರಿಸಬೇಕಾಗಿಲ್ಲ. ನಲವತ್ತು ವರ್ಷಗಳ ಹಿಂದೆ ಅಲ್ಲಿ ಓದಿದವರೂ ಆ ಸಾಲುಗಳನ್ನು ತಡವರಿಸದೆ ಹೇಳುತ್ತಾರೆ.

ಈಗ ಮನುಷ್ಯರ ವಿಷಯಕ್ಕೆ ಬರೋಣ. 1998ರಲ್ಲಿ ಸ್ವೀಡನ್ನಿನ ಪೀಟರ್ ಎರಿಕ್ಸನ್ ಮತ್ತು ಅಮೆರಿಕದ ಫ್ರೆಡ್ ಗೇಜ್ ತಂಡವು, ಚಿಕಿತ್ಸೆಯ ಕಾಲದಲ್ಲಿ ಇಂತಹದೇ ಗುರುತುದ್ರವ್ಯ ಪಡೆದಿದ್ದ ಕ್ಯಾನ್ಸರ್ ರೋಗಿಗಳ ಹಿಪೊಕ್ಯಾಂಪಸ್‌ನಲ್ಲಿ ಮರಣಾನಂತರ ಹೊಸ ನರಕೋಶಗಳನ್ನು ಕಂಡಿತು. 2018ರಲ್ಲಿ ಬೇರೊಂದು ತಂಡ ಬೆಳೆದ ಮನುಷ್ಯರಲ್ಲಿ ಅವು ಇಲ್ಲವೆಂದಿತು, 2019ರಲ್ಲಿ ಮತ್ತೊಂದು ತಂಡ ಇವೆಯೆಂದಿತು. ವಿವಾದ ನಡೆದೇ ಇದೆ. ಆದಕಾರಣ ಹೊಸ ಕೋಶ ಬರಿಸುತ್ತೇವೆಂದು ಪುಡಿ, ಎಣ್ಣೆ ಮಾರುವವರ ಮಾತಿಗೆ ಯಾರೂ ಕಿವಿಗೊಡಬಾರದು. ಹಕ್ಕಿಗಳಿಂದ ನಾವು ತೆಗೆದುಕೊಳ್ಳಬೇಕಾದುದು ಕೋಶದ ಎಣಿಕೆಯನ್ನಲ್ಲ. ಮಿದುಳಿನ ಜಾಲ ಬಳಕೆಯಿಂದ, ಶ್ರವಣದಿಂದ, ನಿದ್ರೆಯಿಂದ, ಸಹವಾಸದಿಂದ ನಿಲ್ಲುತ್ತದೆ ಎಂಬುದನ್ನು. ಇದಕ್ಕೆ ಮನುಷ್ಯರಲ್ಲಿ ಬೇರೆಯದೇ ಆಧಾರವಿದೆ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞರ ಮಂಡಳಿ 2024ರಲ್ಲಿ ಮರೆವಿನ ರೋಗಕ್ಕೆ ದಾರಿಯಾಗುವ, ಆದರೆ ನಾವು ತಿದ್ದಬಹುದಾದ 14 ಅಂಶಗಳನ್ನು ಹೆಸರಿಸಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ ಮುಂತಾದವುಗಳೊಡನೆ ಕಿವಿ ಕೇಳಿಸದಿರುವುದು, ಕಣ್ಣು ಕಾಣದಿರುವುದು, ಜನಸಂಪರ್ಕ ಇಲ್ಲದಿರುವುದು ಇವೂ ಆ ಪಟ್ಟಿಯಲ್ಲಿವೆ. ಇವನ್ನೆಲ್ಲ ಸರಿಪಡಿಸಿದರೆ ಸುಮಾರು ಶೇಕಡ 45ರಷ್ಟು ರೋಗವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅವರ ಅಂದಾಜು. ನಮ್ಮ ರಾಜ್ಯದಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಜನರನ್ನು ವರ್ಷಗಟ್ಟಲೆ ಅನುಸರಿಸಿ ನೋಡುವ ಅಧ್ಯಯನವನ್ನು 2018ರಲ್ಲಿ ಆರಂಭಿಸಿದೆ. ರಾಗಿಮುದ್ದೆ ಉಣ್ಣುವ, ಹೊಲದಲ್ಲಿ ದುಡಿಯುವ ನಮ್ಮಂತಹವರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂಬುದಕ್ಕೆ ಉತ್ತರ ಅಲ್ಲಿಂದ ಬರಬೇಕಾಗಿದೆ.

ಅರಳುಮರಳಿನ ಗಾದೆಯನ್ನು ಅಂಕಿಯೊಡನೆ ಇಟ್ಟು ನೋಡಿದರೂ ಅದು ನಿಲ್ಲುವುದಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ನಿಜವಾದ ಮರೆವಿನ ರೋಗ, ಇರುವವರು ಶೇಕಡ 7.4. ಒಟ್ಟು ಸಂಖ್ಯೆ ಸುಮಾರು 88 ಲಕ್ಷ. ಇದು ಚಿಕ್ಕ ಸಂಖ್ಯೆಯಲ್ಲ. ಆದರೆ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಜನರಿಗೆ ಆ ರೋಗವಿಲ್ಲ ಎಂಬುದೂ ಅಷ್ಟೇ ನಿಜ.

ಗುಬ್ಬಿ ಕಡೆಯ ಅಡಿಕೆ ತೋಟದ ಯಜಮಾನರೊಬ್ಬರನ್ನು ಮಗ ಕರೆತಂದಿದ್ದರು. ಒಂದು ವರ್ಷದಿಂದ ಲೆಕ್ಕ ತಪ್ಪುತ್ತಿತ್ತು, ಮಾತು ಕಡಿಮೆಯಾಗಿತ್ತು, ನಡೆಯುವಾಗ ಕಾಲು ತೂರಾಡುತ್ತಿತ್ತು, ಪಾದಗಳಲ್ಲಿ ಜೋಮು. ರಕ್ತಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರ ಕೆಳಗಿತ್ತು. ಫಿಜಿಷಿಯನ್ ಒಬ್ಬರ ಸಲಹೆಯಂತೆ ಚುಚ್ಚುಮದ್ದು ನಡೆಯಿತು. ಕೆಲವು ತಿಂಗಳ ಮೇಲೆ ಬಂದಾಗ ಅಡಿಕೆ ಧಾರಣೆಯ ಬಗ್ಗೆ ನಮಗೇ ಉಪನ್ಯಾಸ ಕೊಟ್ಟರು. ನಮ್ಮ ಸಮಾಜದವರು ಇದನ್ನು ವಿಶೇಷವಾಗಿ ತಿಳಿಯಬೇಕು. ಬಿ12 ಸಸ್ಯಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಅದು ದೊರೆಯುವುದು ಹಾಲು, ಮೊಸರಿನಿಂದ ಮಾತ್ರ. ವಯಸ್ಸಾದಂತೆ ಹೊಟ್ಟೆ ಅದನ್ನು ಹೀರುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್, ಹುಳಿತೇಗಿಗೆಂದು ವರ್ಷಗಟ್ಟಲೆ ನುಂಗುವ ಮಾತ್ರೆ ಇನ್ನಷ್ಟು ಕುಗ್ಗಿಸುತ್ತವೆ. ಹಾಲು ಮೊಸರನ್ನು ಮೊಮ್ಮಕ್ಕಳಿಗೆ ಬಿಟ್ಟು ತಾವು ಸಾರು ಅನ್ನದಲ್ಲಿ ಊಟ ಮುಗಿಸುವ ಅಜ್ಜಿಯರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಮಾಂಸಾಹಾರಕ್ಕೆ ಹೋಗಬೇಕಾದ ಅಗತ್ಯ ಯಾರಿಗೂ ಇಲ್ಲ, ಕೊರತೆಯಿದ್ದರೆ ಮಾತ್ರೆ ಅಥವಾ ಚುಚ್ಚುಮದ್ದು ಸಾಕು. ಆದರೆ ಪರೀಕ್ಷೆ ಮಾಡಿಸಬೇಕು, ತಡಮಾಡಬಾರದು. ಬಹಳ ಕಾಲ ಕಳೆದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಕುಣಿಗಲ್ ಕಡೆಯ ತಾಯಿಯೊಬ್ಬರದು ಬೇರೆ ಕಥೆ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆಂಬುದು ಸೊಸೆಯ ದೂರು. ಕಿವಿಯ ಹತ್ತಿರ ಬಾಗಿ, ನಿಧಾನವಾಗಿ ಕೇಳಿದಾಗ ಯಡಿಯೂರು ಜಾತ್ರೆಗೆ ಹೋಗಿದ್ದ ವರ್ಷವನ್ನೂ ಜೊತೆಗೆ ಬಂದಿದ್ದವರ ಹೆಸರನ್ನೂ ಹೇಳಿದರು. ಬುದ್ಧಿಗೆ ಏನೂ ಆಗಿರಲಿಲ್ಲ, ಮಾತು ಒಳಗೆ ತಲಪುತ್ತಲೇ ಇರಲಿಲ್ಲ. ಕಿವಿಯ ಗುಗ್ಗೆ ತೆಗೆಸಿ, ಶ್ರವಣ ಪರೀಕ್ಷೆಯ ನಂತರ ಯಂತ್ರ ಹಾಕಿಸಿದರು. ಕನ್ನಡಕಕ್ಕೆ ನಾಚದ ಜನ ಕಿವಿಯ ಯಂತ್ರಕ್ಕೆ ಏಕೆ ನಾಚುತ್ತಾರೋ ನಮಗೆ ತಿಳಿಯದು. ಕಿವುಡಾದ ಫಿಂಚ್‌ನ ಹಾಡು ಕೆಟ್ಟುದನ್ನು ಇಲ್ಲಿ ನೆನೆಯಬಹುದು.

ಥೈರಾಯಿಡ್ ಕೊರತೆ, ಸಂಗಾತಿ ತೀರಿಕೊಂಡ ಬಳಿಕ ಕವಿಯುವ ಖಿನ್ನತೆ, ನಿದ್ರೆಯ ಮಾತ್ರೆಗಳ ಅತಿಬಳಕೆ, ಇವೂ ಮರೆವಿನ ವೇಷದಲ್ಲಿ ಬರುತ್ತವೆ. ತಲೆಗೆ ಪೆಟ್ಟು ಬಿದ್ದ ಕೆಲವು ವಾರಗಳ ಮೇಲೆ ಮಂಕು ಕವಿದರೆ ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಸ್ಕ್ಯಾನ್ ಬೇಕು. ನೆನ್ನೆಯವರೆಗೆ ಚೆನ್ನಾಗಿದ್ದವರು ಒಂದೆರಡು ದಿನದಲ್ಲಿ ಏಕಾಏಕಿ ಗೊಂದಲಗೊಂಡು ಏನೇನೋ ಮಾತಾಡಿದರೆ ಅದು ಮೂತ್ರದ ಸೋಂಕು, ಉಪ್ಪಿನಂಶದ ಇಳಿತ, ಪಾರ್ಶ್ವವಾಯು ಯಾವುದೂ ಆಗಿರಬಹುದು. ಇಂತಹವರನ್ನು ನಮ್ಮಂತಹವರ ಬಳಿಗೆ ತರದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ವೈದ್ಯಪದ್ಧತಿಯಲ್ಲಿ ಏನೂ ಇಲ್ಲವೇ ಎಂದರೆ, ಇದೆ. ಚರಕರು ನಾಲ್ಕು ಮೇಧ್ಯ ರಸಾಯನಗಳನ್ನು ಹೇಳಿದ್ದಾರೆ: ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಮಂಡೂಕಪರ್ಣಿಯೆಂದರೆ ತೋಟದ ತೇವದಲ್ಲಿ ಹಬ್ಬುವ ನಮ್ಮ ಒಂದೆಲಗ. ಇದನ್ನೇ ಹಲವರು ಬ್ರಾಹ್ಮಿ ಎನ್ನುತ್ತಾರೆ. ಅಂಗಡಿಯಲ್ಲಿ ಬ್ರಾಹ್ಮಿಯೆಂದು ಸಿಗುವುದು ಬಹುಮಟ್ಟಿಗೆ ನೀರುಬ್ರಾಹ್ಮಿ, ಅದು ಬೇರೆ ಗಿಡ. ನೀರುಬ್ರಾಹ್ಮಿಯಿಂದ ಆರೋಗ್ಯವಂತರ ನೆನಪು ಸ್ವಲ್ಪಮಟ್ಟಿಗೆ ಉತ್ತಮವಾದುದನ್ನು ಕೆಲವು ಪ್ರಯೋಗಗಳು ತೋರಿಸಿವೆ. ಡಿಮೆನ್ಷಿಯಾವನ್ನು ಅದು ಗುಣಪಡಿಸುತ್ತದೆಂಬುದಕ್ಕೆ ಆಧಾರವಿಲ್ಲ. ಒಂದೆಲಗದ ತಂಬುಳಿ, ಚಟ್ನಿ ವಾರಕ್ಕೆ ಒಂದೆರಡು ಸಲ ಊಟದಲ್ಲಿರಲಿ, ಅದು ಹಿತ. ಯಷ್ಟಿಮಧು ರಕ್ತದೊತ್ತಡವನ್ನು ಏರಿಸಬಲ್ಲದು, ಒತ್ತಡವಿರುವವರು ತಾವಾಗಿಯೇ ಸೇವಿಸಬಾರದು. ಯಕೃತ್ತಿನ ತೊಂದರೆಯುಳ್ಳವರು ಅಮೃತಬಳ್ಳಿಯನ್ನೂ ಕೇಳದೆ ಕುಡಿಯಬಾರದು. ರಸಾಯನವೆಂಬುದು ಆಹಾರ, ನಿದ್ರೆ, ಆಚಾರಗಳು ನೆಟ್ಟಗಿದ್ದವರಿಗೆ ಮೇಲಿನ ಸಹಾಯ.

ಹಾಗಾದರೆ ಮನೆಯಲ್ಲಿ ಮಾಡಬಹುದಾದುದೇನು? ಹಿರಿಯರ ಕೈಗೆ ಕೆಲಸವನ್ನು ಹಿಂದಿರುಗಿಸುವುದು. ಹಾಲಿನ ಲೆಕ್ಕ ಅವರೇ ಇಡಲಿ, ತಪ್ಪಿದರೆ ತಿದ್ದಿಕೊಂಡರಾಯಿತು. ಇಷ್ಟಲಿಂಗ ಪೂಜೆಯ ಸಾಮಗ್ರಿಯನ್ನು ತಾವೇ ಜೋಡಿಸಿಕೊಳ್ಳಲಿ. ಮೊಮ್ಮಕ್ಕಳಿಗೆ ವಚನವೊಂದನ್ನು ಬಾಯಿಂದ ಬಾಯಿಗೆ ಕಲಿಸಲಿ. ಕೇಳುವ ಮಗುವಿಗೂ ಪುನಃಶ್ರುತ, ಹೇಳುವ ಅಜ್ಜನಿಗೂ ಅದೇ. ಹುಣ್ಣಿಮೆ ಅಮಾವಾಸ್ಯೆಗೆ ಶ್ರೀಮಠಕ್ಕೆ ಕರೆತಂದಾಗ ಕಾರಿನಲ್ಲಿ ಕೂರಿಸಿ ಪ್ರಸಾದ ತಂದುಕೊಡುವ ಬದಲು ಪಂಕ್ತಿಯಲ್ಲಿ ಕೂರಿಸಿ. ದಾಸೋಹದ ಮನೆಯಲ್ಲಿ ಹುರುಳಿಕಾಯಿ ಸೋಸುತ್ತ ನಾಲ್ವರೊಡನೆ ಮಾತಾಡುವ ಒಂದು ಗಂಟೆಗೆ ಸಮನಾದ ಲೇಹ್ಯ ನಮ್ಮ ಅಲಮಾರಿನಲ್ಲಿಲ್ಲ. 111 ವರ್ಷ ಬಾಳಿ 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳನ್ನು ನೂರು ದಾಟಿದ ಮೇಲೂ ಯಾರೂ ಸುಮ್ಮನೆ ಕೂರಿಸಿರಲಿಲ್ಲ, ಪೂಜೆ, ಮಕ್ಕಳು, ಭಕ್ತರು ದಿನವೂ ಅವರ ಸುತ್ತ ಇದ್ದರು.

ಇಷ್ಟೆಲ್ಲ ಮಾಡಿದರೂ ನಿಜವಾದ ರೋಗ ಕೆಲವರಿಗೆ ಬರುತ್ತದೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಸಾಮಾನ್ಯ ಮರೆವು. ಕನ್ನಡಕ ಏತಕ್ಕೆಂದು ತಿಳಿಯದಿರುವುದು, ದಿನವೂ ನಡೆದ ಬೀದಿಯಲ್ಲಿ ದಾರಿ ತಪ್ಪುವುದು, ಈಗ ತಾನೇ ಉಂಡದ್ದನ್ನು ಮರೆತು ಮತ್ತೆ ಕೇಳುವುದು ರೋಗದ ಲಕ್ಷಣ. ನಿವೃತ್ತ ಮೇಷ್ಟ್ರೊಬ್ಬರು ನಮ್ಮಲ್ಲಿಗೆ ಬರುತ್ತಾರೆ. ಮಗಳ ಹೆಸರು ನೆನಪಿಲ್ಲ, ಆದರೆ ಮಗಳು ವಚನ ಆರಂಭಿಸಿದರೆ ಕೊನೆಯ ಸಾಲನ್ನು ತಾವು ಮುಗಿಸುತ್ತಾರೆ. ಹೆಸರು ಕೇಳಿ ಪರೀಕ್ಷೆ ಮಾಡುವುದನ್ನು ಆಕೆ ಈಗ ಬಿಟ್ಟಿದ್ದಾರೆ. ದಿನ ಸಂಜೆ ವಚನ ಹೇಳುತ್ತಾರೆ. ಇಂತಹವರ ಜೇಬಿನಲ್ಲಿ ಹೆಸರು, ಊರು, ಮನೆಯ ಫೋನ್ ಸಂಖ್ಯೆ ಬರೆದ ಚೀಟಿ ಸದಾ ಇರಲಿ. ನೋಡಿಕೊಳ್ಳುವ ಸೊಸೆಗೆ, ಮಗಳಿಗೆ ವಾರದಲ್ಲಿ ಅರ್ಧ ದಿನವಾದರೂ ಬಿಡುವು ಸಿಗುವಂತೆ ಮನೆಯ ಗಂಡಸರು ಪಾಳಿ ಹಾಕಿಕೊಳ್ಳಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವೃದ್ಧರ ಮರೆವಿಗೆಂದೇ ತಪಾಸಣೆಯ ವ್ಯವಸ್ಥೆಯಿದೆ. ಹಿರಿಯ ನಾಗರಿಕರ ಸಹಾಯವಾಣಿ 14567, ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಯಾವ ವೈದ್ಯರ ಬಳಿಗೆ ಹೋದರೂ ಹಿರಿಯರು ನುಂಗುತ್ತಿರುವ ಮಾತ್ರೆ, ಚೂರ್ಣ, ಕಷಾಯ, ನೆರೆಮನೆಯವರು ಕೊಟ್ಟ ಪುಡಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ಮರೆವಿನ ಕಾರಣ ಎಷ್ಟೋ ಸಲ ಆ ಚೀಲದಲ್ಲಿಯೇ ಇರುತ್ತದೆ.